ರೋಮಿಗೆ ಹೋದ ಜೋಳದ ಹಿಟ್ಟು

ಸರಸಂಬಾ

ಪರದೇಶಕ್ಕೆ ಹೋಗುವವರು ಏನೇನು ಕಟ್ಟಿಕೊಳ್ಳಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ನನಗೆ ತಿಳಿದಂತೆ ಕಟ್ಟಿದೆ. ನನ್ನ ಐದು ಸೀರೆ, ಯಜಮಾನರ ಮೂರು ಧೋತರ, ತಂಗಿಯ ಮಗಳಿಂದ ಇಸಕೊಂಡ ಎರಡು ಸ್ವೆಟರು, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ನಾಲ್ಕು ದಿನಕ್ಕಾಗುವಷ್ಟು ಜೋಳದ ಹಿಟ್ಟು, ಮತ್ತು ಪದದ ವಹಿ. ಹಿಟ್ಟಿನ ಚೀಲದೊಳಗೆ ಇನ್ನೊಂದು ವಸ್ತು ಇತ್ತು. ಅದು ಯಜಮಾನರಿಗೆ ಗೊತ್ತಿರಲಿಲ್ಲ.

ನಮ್ಮ ಯಜಮಾನರನ್ನು ಸರಸಂಬಾ ಊರೆಲ್ಲ ಶರಣಪ್ಪ ಮಾಸ್ತರ ಎನ್ನುತ್ತದೆ. ಸಾಲಿ ಕಲಿಸಿದವರಲ್ಲ, ತೊಗರಿ, ಜೋಳ ಬೆಳೆಯುವವರು. ಮೊಹರಂ ಪದ ಕಟ್ಟಿ ಹಾಡಿಸುವವನಿಗೆ ನಮ್ಮ ಕಡೆ ಮಾಸ್ತರ ಎನ್ನುವುದು ರೂಢಿ. ಮೊಹರಂ ನಮ್ಮಲ್ಲಿ ಮುಸಲ್ಮಾನರ ಹಬ್ಬವಷ್ಟೇ ಅಲ್ಲ. ಅವರದೊಂದೂ ಮನೆಯಿಲ್ಲದ ಊರಿನಲ್ಲಿಯೂ ಪೀರ ದೇವರು ಕೂಡುತ್ತವೆ, ಗೆಜ್ಜೆ ಕಟ್ಟಿದ ಗಂಡಸರು ಹೆಜ್ಜೆ ಹಾಕುತ್ತ ಹಾಡುತ್ತಾರೆ. ಎಲ್ಲಿಯದೋ ಅರಬಸ್ತಾನದ ಮರಳುಗಾಡು. ಹೊಳೆಯ ದಂಡೆಯಲ್ಲಿ ವೈರಿಗಳು ನೀರು ತಡೆದು ನಿಂತಿದ್ದಾರೆ. ಡೇರೆಯೊಳಗೆ ಮಕ್ಕಳು ಬಾಯಾರಿ ಅಳುತ್ತಿವೆ. ಆ ದುಃಖದ ಕಥೆಯನ್ನು ನಮ್ಮವರು ನಮ್ಮ ಕನ್ನಡದಲ್ಲಿ ಕಟ್ಟುತ್ತಾರೆ. ಕಡೆಯ ನುಡಿಯಲ್ಲಿ ಕಟ್ಟಿದವನ ಹೆಸರು, ಊರಿನ ಹೆಸರು ಬರಲೇಬೇಕು. ಅದು ಪದದ ವಿಳಾಸ.

ಯಜಮಾನರು ಬಾಯಲ್ಲಿ ಕಟ್ಟುತ್ತಾರೆ, ನಾನು ವಹಿಯಲ್ಲಿ ಬರೆಯುತ್ತೇನೆ. ಅಂಗನವಾಡಿಯಲ್ಲಿ ದಿನಾ ರಿಜಿಸ್ಟರ್ ಬರೆಯುವ ಕೈ ಇದು, ಸುಮ್ಮನಿರುವುದಿಲ್ಲ. ಆದರೆ ಬರೆಯುವುದಷ್ಟೇ ನನ್ನ ಕೆಲಸ. ಮೇಳದ ಎದುರು ನಾನು ಬಾಯಿ ತೆರೆದವಳಲ್ಲ. ಒಂದೇ ಒಂದು ಸಲ ಅಡಿಗೆಮನೆಯಿಂದ ಮಾತು ಜಾರಿತು. ಅವರು ಆ ಬಾಯಾರಿದ ಮಕ್ಕಳ ತಾಯಿಯ ನುಡಿ ಕಟ್ಟುತ್ತಿದ್ದರು.

‘ಅಳಾಕತ್ತಾಳ, ಅಳಾಕತ್ತಾಳ ಅಂತ ಎಷ್ಟು ಸಲ ಹಾಡ್ತೀರಿ?’ ಎಂದೆ. ‘ನೀರಿಲ್ಲ ಅಂದ್ರ ಹೆಣ್ಣಮಗಳಿಗಿ ಮೊದಲ ನೆನಪಾಗೂದು ಎಸರು. ಹಿಟ್ಟು ಪರಾತದಾಗ ಹಂಗ ಒಣಗಿ ಕುಂತಿರತದ ನೋಡ್ರಿ.’

ರೊಟ್ಟಿಯ ಹಿಟ್ಟು ನಾದಲು ಕುದಿಸುವ ನೀರಿಗೆ ಎಸರು, ನಾದುವ ಅಗಲ ತಟ್ಟೆಗೆ ಪರಾತ ಎನ್ನುತ್ತೇವೆ. ಯಜಮಾನರು ಕಣ್ಣು ಮುಚ್ಚಿ ಒಂದು ಗಳಿಗೆ ಕೂತು, ಹಾಡಿದರು:

ಎಸರಿಗಿ ನೀರಿಲ್ಲ, ಪರಾತದಾಗ ಜ್ವಾಳದ ಹಿಟ್ಟು
ತಾಯವ್ವ ಕುಂತಾಳ ಗಲ್ಲಕ್ಕ ಕೈಯಿಟ್ಟು
ಕಣ್ಣೆದುರ ಹೊಳಿ ಅದ, ಕೂಸಿಗಿ ಹನಿಯಿಲ್ಲ
ಕಣ್ಣೀರಾಗ ನಾದಿದರ ಹಿಟ್ಟು ಕೂಡೂದಿಲ್ಲ

ಆ ನುಡಿ ಬಂದಾಗಲೆಲ್ಲ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೋದ ಮೊಹರಮ್ಮಿನಲ್ಲಿ ಅಫಜಲಪುರದ ಕಡೆಯ ಒಂದು ಊರಿನಲ್ಲಿ ಎರಡು ಮೇಳಗಳ ಸವಾಲು-ಜವಾಬು ಇತ್ತು. ಎದುರು ಮೇಳಕ್ಕೆ ಕರಜಗಿಯ ಪೀರಪ್ಪ ಮಾಸ್ತರ, ಎಪ್ಪತ್ತು ದಾಟಿದ ಹಿರಿಯರು. ನಮ್ಮವರ ಪದ ಮುಗಿಯುತ್ತಲೇ ಎದ್ದು ನಿಂತರು.

‘ಏ ಶರಣಪ್ಪಾ, ಈ ಕಥಿ ನಾ ಹಾಡೂಮುಂದ ನೀ ಕುಂತು ಕೇಳಿದ್ದಿ, ಹೌದಿಲ್ಲೋ? ಕಥಿ ಕರಜಗಿದು, ಕಡೀ ನುಡ್ಯಾಗ ಸರಸಂಬಾ ಹ್ಯಾಂಗ ಬಂತು? ಮತ್ತ ಅರಬಸ್ತಾನದಾಗ ಜ್ವಾಳ ನಿಮ್ಮಪ್ಪ ಬಿತ್ತಿದ್ದನೇನೋ?’

ಮಂದಿ ಹೋ ಎಂದು ನಕ್ಕಿತು. ಯಜಮಾನರು ಅಲ್ಲಿಯೇ ಗೆಜ್ಜೆ ಬಿಚ್ಚಿದರು. ಜೋಳದ ಮಾತು ನನ್ನ ಹೆಂಡತಿಯದು ಎಂದು ಒಂದು ಸಲವೂ ಯಾರ ಮುಂದೂ ಹೇಳಲಿಲ್ಲ. ‘ಕಥಿ ಅವರ ಕಡಿಂದ ಕೇಳಿದ್ದು ಖರೆ ಅದ. ನಾ ಕಳ್ಳನ’ ಎಂದು ಮನೆಯಲ್ಲಿ ಹೇಳಿದವರು ಮತ್ತೆ ಹಾಡಲಿಲ್ಲ. ಮಾಸ್ತರ ಹಾಡದಿದ್ದರೆ ಬರುವ ಮೊಹರಮ್ಮಿಗೆ ನಮ್ಮ ಮೇಳ ಮುರಿಯುವುದೇ ಎಂದು ಊರು ಮಾತಾಡಿಕೊಂಡಿತು. ನಾನು ಒಂದು ದಿನ ವಹಿ ತೆಗೆದು ಆ ನುಡಿಯ ಮೇಲೆ ಪೆನ್ಸಿಲ್ ಗೀಟು ಎಳೆದೆ. ನನ್ನ ಹಿಟ್ಟಿನಿಂದಲ್ಲವೇ ಅವರ ದನಿ ಹೋದದ್ದು.

ಅಷ್ಟರಲ್ಲಿ ರೋಮಿನಿಂದ ಲೂಚಿಯಾಳ ಪತ್ರ ಬಂತು. ಆಕೆ ಅಲ್ಲಿ ಹಳೆಯ ಲ್ಯಾಟಿನ್ ಕಾವ್ಯ ಕಲಿಸುವವಳು. ಒಂದು ಸೀಮೆಯ ಕಥೆ ಇನ್ನೊಂದು ಭಾಷೆಯ ಹಾಡಾದಾಗ ಏನಾಗುತ್ತದೆ ಎಂಬುದು ಅವಳ ಹುಡುಕಾಟ. ಮೈಸೂರಿನಲ್ಲಿ ಕನ್ನಡ ಕಲಿತು, ಎರಡು ವರ್ಷದ ಹಿಂದೆ ನಮ್ಮೂರಿಗೆ ಬಂದು ಯಜಮಾನರ ಪದ ರೆಕಾರ್ಡ್ ಮಾಡಿಕೊಂಡು ಹೋಗಿದ್ದಳು. ಹಾಡುವವರೊಬ್ಬರು, ವಹಿ ಇಟ್ಟವರೊಬ್ಬರು ಬರಬೇಕು ಎಂದು ಕರೆದಿದ್ದಳು.

‘ಹೋಗೂಣು’ ಎಂದರು ಯಜಮಾನರು. ನನಗೆ ಹಿಗ್ಗಾಯಿತು. ‘ಹಾಡಾಕ ಅಲ್ಲ. ಆ ಪದ ನಂದಲ್ಲ ಅಂತ ಆಕಿಗಿ ಎದುರಾ ಎದುರ ಹೇಳಿ, ರೆಕಾರ್ಡ ಅಳಿಸಿ ಬರೂಣು.’

ವಿಮಾನ ನಿಲ್ದಾಣ

ಹೈದರಾಬಾದಿನ ತಪಾಸಣೆಯಲ್ಲಿ ನನ್ನ ಕೈಚೀಲ ಬೇರೆ ಸಾಲಿಗೆ ಸರಿಯಿತು. ನಮ್ಮ ಮಗನ ವಯಸ್ಸಿನ ಪೋಲೀಸ ಹಿಟ್ಟಿನ ಚೀಲ ಎತ್ತಿ ನೋಡಿದ.

‘ಯೇ ಕ್ಯಾ ಹೈ ಅಮ್ಮಾ?’

‘ಜ್ವಾರೀ ಕಾ ಆಟಾ’, ಜೋಳದ ಹಿಟ್ಟು ಎಂದೆ. ನಂಬಲಿಲ್ಲವೋ ಏನೋ ಎಂದು ಎರಡೂ ಕೈಯಿಂದ ರೊಟ್ಟಿ ಬಡಿದು ತೋರಿಸಿದೆ. ಹಿಂದೆ ನಿಂತವರು ನಕ್ಕರು.

‘ಆಟೇ ಮೇಂ ಯೇ ಗೋಲ್ ಗೋಲ್ ಕ್ಯಾ ಹೈ?’

ಹಿಟ್ಟಿನೊಳಗೆ ದುಂಡದುಂಡಗೆ ಇರುವುದೇನು ಎಂದು ಕೇಳುತ್ತಿದ್ದ. ಅವನು ಕೈಗವಸು ಹಾಕಿ ಹಿಟ್ಟಿನೊಳಗೆ ಕೈಯಿಳಿಸಿ, ಹೊರಗೆಳೆದು ಒಂದು ಸಲ ಕೊಡವಿದ. ಘಲ್! ಬೆಳ್ಳಗೆ ಹಿಟ್ಟು ಮೆತ್ತಿದ ಗೆಜ್ಜೆಸರ. ಸಾಲಿಗೆ ಸಾಲೇ ತಿರುಗಿ ನೋಡಿತು. ಯಜಮಾನರೂ ನೋಡಿದರು. ಪೋಲೀಸ ಕಾಗದದಿಂದ ಹಿಟ್ಟು ಒರೆಸಿ, ಗೆಜ್ಜೆಯನ್ನು ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಯಜಮಾನರ ಕೈಗೇ ಕೊಟ್ಟ. ಅವನಿಗೇನು ಗೊತ್ತು, ಒಂದು ವರ್ಷದಿಂದ ಅದನ್ನು ಅವರು ಮುಟ್ಟಿರಲಿಲ್ಲವೆಂದು.

ವಿಮಾನ ಏರಿ, ಪಟ್ಟಿ ಬಿಗಿದುಕೊಂಡ ಮೇಲೆ ಅವರ ಬಾಯಿ ಬಿಚ್ಚಿತು.

‘ಮಾದೇವಿ, ನಾ ಹಾಡಾಕ ಹೊಂಟಿಲ್ಲ ಅಂತ ಹೇಳೇನಿಲ್ಲೋ?’

‘ನಾ ಎಲ್ಲಿ ಹಾಡ್ರಿ ಅಂದೇನಿ? ಹಿಟ್ಟಿಗಿ ಹುಳ ಬೀಳಬಾರ್ದಂತ ಇಟ್ಟೇನಿ.’

‘ಗೆಜ್ಜಿಗಿ ಹುಳ ಹೆದರತಾವೇನ ಬೇ?’

‘ಒಂದು ವರ್ಷದಿಂದ ನೀವ ಹೆದರೀರಿ. ಹುಳದ್ದೇನು ದೊಡ್ಡ ಮಾತು?’

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಕಿಟಕಿಯಲ್ಲಿ ಕಾಣುತ್ತಿದ್ದುದು ವಿಮಾನದ ರೆಕ್ಕೆ ಮಾತ್ರ. ಅದನ್ನೇ ಬಹಳ ಹೊತ್ತು ನೋಡಿದರು.

ರೋಮ್: ಮುಚ್ಚಲಾಗದ ನಲ್ಲಿ

ಲೂಚಿಯಾ ನಿಲ್ದಾಣಕ್ಕೆ ಬಂದಿದ್ದಳು. ‘ನಮಸ್ಕಾರ ಮಾಸ್ತರರೇ, ನಮಸ್ಕಾರ ಅಕ್ಕ. ತಮ್ಮ ಪ್ರಯಾಣ ಸುಖಕರವಾಗಿತ್ತೇ?’ ಅವಳ ಕನ್ನಡ ಪುಸ್ತಕದ್ದು. ಅದರ ಕೊನೆಗೆ ನಮ್ಮೂರಿನಲ್ಲಿ ಕಲಿತ ‘ಹೌದ್ರಿ’ ಒಂದನ್ನು ಉಪ್ಪಿನಕಾಯಿಯ ಹಾಗೆ ಇಡುತ್ತಾಳೆ.

ರೋಮಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅರಮನೆಯಲ್ಲ, ನಲ್ಲಿ. ಬೀದಿಬೀದಿಗೆ ಎದೆಯೆತ್ತರದ ಕಬ್ಬಿಣದ ಕಂಬ, ಅದಕ್ಕೊಂದು ಬಾಗಿದ ಕೊಳವೆ. ಅದರಿಂದ ತಣ್ಣಗಿನ ನೀರು ಸುರಿಯುತ್ತಲೇ ಇರುತ್ತದೆ. ಕೊಡವಿಲ್ಲ, ಸಾಲಿಲ್ಲ, ಜಗಳವಿಲ್ಲ. ಯಜಮಾನರಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಕಂಬವನ್ನು ಸುತ್ತು ಹಾಕಿ ತಡವಿದರು.

‘ಏನ್ ಹುಡಕಾಕತ್ತೀರಿ?’

‘ಇದರ ಕಿವಿ. ಯಾರೋ ಮರತು ಹೋಗ್ಯಾರ, ಬಂದ್ ಮಾಡಬೇಕಲ್ಲ.’

ಅದಕ್ಕೆ ತಿರುಗಿಸುವ ಕಿವಿಯೇ ಇಲ್ಲ. ನಾಯಿಯ ಜೊತೆ ಬಂದ ಮುದುಕರೊಬ್ಬರು ನಮ್ಮ ಪೇಚಾಟ ನೋಡಿ ನಿಂತರು. ನಮಗೆ ಕುಡಿಯಲು ಬರುವುದಿಲ್ಲ ಎಂದುಕೊಂಡಿರಬೇಕು. ಕೊಳವೆಯ ಬಾಯಿಗೆ ಬೆರಳು ಒತ್ತಿದರು. ಕೊಳವೆಯ ಮೇಲೆ ಒಂದು ಸಣ್ಣ ತೂತಿದೆ. ಅದರಿಂದ ನೀರು ಚಿಮ್ಮಿ ಕಮಾನಾಗಿ ನೇರ ಬಾಯಿಗೆ ಬಂತು. ಯಜಮಾನರೂ ಬೆರಳು ಒತ್ತಿದರು. ಒತ್ತಿದ್ದು ಜಾಸ್ತಿಯಾಗಿ ನೀರು ಮುದುಕರ ಟೊಪ್ಪಿಗೆಗೆ ಸಿಡಿಯಿತು. ಅವರು ಎರಡೂ ಕೈಯೆತ್ತಿ ಏನೇನೋ ಹೇಳಿದರು, ನಡುನಡುವೆ ನಕ್ಕರು. ಇಲ್ಲಿಯ ಮಂದಿ ಅರ್ಧ ಮಾತು ಕೈಯಲ್ಲಿಯೇ ಆಡುತ್ತಾರೆ. ನನಗೆ ಲೂಚಿಯಾಳ ಕನ್ನಡಕ್ಕಿಂತ ಅದು ಬೇಗ ತಿಳಿಯುತ್ತಿತ್ತು.

‘ಮಾದೇವಿ, ಈ ಊರಾಗ ನಮ್ಮ ಪದ ಯಾರಿಗಿ ತಿಳೀತದ?’ ಎಂದರು ಯಜಮಾನರು ಗಡ್ಡ ಒರೆಸಿಕೊಳ್ಳುತ್ತ. ‘ಇವರು ನೀರಡಿಕಿನ ಕಂಡಿಲ್ಲ.’

ಪದ ತನ್ನದಲ್ಲ ಎಂದವರು ‘ನಮ್ಮ ಪದ’ ಎಂದರಲ್ಲ, ಅದನ್ನು ನಾನು ಆ ದಿನವೇ ವಹಿಯ ಕಡೆಯ ಪುಟದಲ್ಲಿ ಬರೆದಿಟ್ಟುಕೊಂಡೆ.

ಎರಡನೆಯ ದಿನ: ದೊಡ್ಡ ಬೆಳಕಿಂಡಿ

ಬೆಳಿಗ್ಗೆ ಕಾಫಿ ಅಂಗಡಿ. ಇಲ್ಲಿ ಕಾಫಿಯನ್ನು ಔಷಧದ ಅಳತೆಯಲ್ಲಿ ಕೊಡುತ್ತಾರೆ. ನಿಂತುಕೊಂಡೇ ಒಂದು ಗುಟುಕಿಗೆ ಮುಗಿಸಿ ಹೊರಟುಬಿಡುತ್ತಾರೆ. ನಾವಿಬ್ಬರು ಅದನ್ನು ಬಶಿಗೆ ಸುರಿದು ಆರಿಸಿ ಕುಡಿದೆವು. ಅಂಗಡಿಯವನು ಕೆಲಸ ಬಿಟ್ಟು ನೋಡಿದ.

ಆಮೇಲೆ ಲೂಚಿಯಾ ಒಂದು ಹಳೆಯ ಗುಡಿಗೆ ಕರೆದೊಯ್ದಳು. ಎರಡು ಸಾವಿರ ವರ್ಷದ ಹತ್ತಿರದ್ದು, ಮೊದಲು ಹಳೆಯ ದೇವರುಗಳದು, ಈಗ ಇಗರ್ಜಿ. ಅಷ್ಟು ದೊಡ್ಡ ಗುಮ್ಮಟದ ನಡುನೆತ್ತಿಯಲ್ಲಿ ದುಂಡಗೆ ಬಯಲು. ಕಿಟಕಿಯಿಲ್ಲ, ಗಾಜಿಲ್ಲ, ಬಿಸಿಲು, ಮಳೆ ಎರಡೂ ಅಲ್ಲಿಂದಲೇ.

‘ನಮ್ಮ ಮಾಳಿಗಿ ಮನೀ ಬೆಳಕಿಂಡಿನ ಅದ ನೋಡ್ರಿ’ ಎಂದೆ.

‘ಮಳಿ ಬಂದ್ರ ಮ್ಯಾಲ ಹತ್ತಿ ಯಾರು ಮುಚ್ಚತಾರಂತ ಕೇಳು’ ಎಂದರು ಯಜಮಾನರು. ಯಾರೂ ಮುಚ್ಚುವುದಿಲ್ಲವಂತೆ, ನೆಲದಲ್ಲಿಯೇ ನೀರು ಇಳಿಯಲು ತೂತುಗಳಿವೆ.

ಆ ಕಿಂಡಿಯಿಂದ ಒಂದು ಬಿಸಿಲಕೋಲು ಓರೆಯಾಗಿ ಇಳಿದಿತ್ತು. ಅದರೊಳಗೆ ಧೂಳಿನ ಕಣಗಳು ಕುಣಿಯುತ್ತಿದ್ದವು. ನಾನು ಮನೆಯಲ್ಲಿ ಹಿಟ್ಟು ಸಾಣಿಸುವಾಗ ಕಾಣುವುದೂ ಇದೇ. ಲೂಚಿಯಾ ಅದನ್ನು ತೋರಿಸಿ ಹೇಳಿದಳು: ‘ಗ್ರೀಕರಲ್ಲಿ ತೋಟದಲ್ಲಿ ಕುಳಿತು ಪಾಠ ಹೇಳುತ್ತಿದ್ದ ಗುರುವೊಬ್ಬನಿದ್ದ. ಎಲ್ಲವೂ ಕಣ್ಣಿಗೆ ಕಾಣದ ಕಣಗಳಿಂದ ಆಗಿದೆ, ಕಣಗಳು ಬೇರೆಯಾಗುವುದೇ ಸಾವು, ಆದ್ದರಿಂದ ಸಾವಿಗೆ ಅಂಜಬೇಡಿ ಎಂದು ಕಲಿಸಿದ. ಅದು ಒಣ ಪಾಠ. ರೋಮಿನ ಕವಿಯೊಬ್ಬ ಅದನ್ನು ಹಾಡಾಗಿ ಕಟ್ಟಿದ. ಕಾಣದ ಕಣವನ್ನು ತೋರಿಸಲು ಅವನು ಬಿಸಿಲಕೋಲಿನ ಧೂಳನ್ನು ಕರೆದ.’

‘ಗುರುವಿನ ಮಾತು, ಹಾಡಾಂವನ ದನಿ’ ಎಂದರು ಯಜಮಾನರು. ‘ಇದು ತತ್ವಪದ ಆತು.’

‘ಹೌದ್ರಿ. ಗುರುವನ್ನು ಆ ಕವಿ ದೇವರಂತೆ ಹೊಗಳಿದ್ದಾನೆ.’

ಯಜಮಾನರ ಮುಖ ಸಣ್ಣದಾಯಿತು. ಅಲ್ಲಿಯೇ, ಆ ಬಿಸಿಲಕೋಲಿನ ಪಕ್ಕದಲ್ಲಿಯೇ, ಬಂದ ಕೆಲಸ ಹೇಳಿಬಿಟ್ಟರು. ‘ಬಾಯವರ, ನಾ ಹಂಗ ಮಾಡಲಿಲ್ಲ. ನೀವು ರೆಕಾರ್ಡ ಮಾಡಿದ ಪದದ ಕಥಿ ಕರಜಗಿ ಪೀರಪ್ಪಗೋಳದು. ಅವರ ಹೆಸರು ನಾ ಹಾಕಲಿಲ್ಲ. ಅದರಾಗ ಜ್ವಾಳ ಅಂತ ಒಂದು ತಪ್ಪು ಬ್ಯಾರೆ ಅದ. ಅದನ್ನ ಅಳಿಸಿ ಬಿಡ್ರಿ.’

‘ತಪ್ಪು’ ಎಂದಾಗ ನಾನು ಮೇಲಿನ ಕಿಂಡಿ ನೋಡಿದೆ.

‘ಅಳಿಸೋಣ ಮಾಸ್ತರರೇ’ ಎಂದಳು ಲೂಚಿಯಾ. ‘ಅದಕ್ಕೆ ಮೊದಲು ನಾಳೆ ನನ್ನ ತರಗತಿಗೆ ದಯಮಾಡಿಸಿ. ಪಾಠ ಕೇಳಿ. ಅನಂತರವೂ ಅಳಿಸು ಎಂದರೆ ತಮ್ಮ ಎದುರಿಗೇ ಅಳಿಸುತ್ತೇನೆ.’

ಮೂರನೆಯ ದಿನ: ಪಾಠದ ಕೋಣೆ

ಕಡೆಯ ಬೆಂಚಿನಲ್ಲಿ ಕೂತೆವು. ಯಜಮಾನರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಲೂಚಿಯಾ ಅವರ ಭಾಷೆಯಲ್ಲಿ ಪಾಠ ಹೇಳುತ್ತ, ನಡುನಡುವೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದಳು. ಆಗ ಹುಡುಗ ಹುಡುಗಿಯರೆಲ್ಲ ಒಟ್ಟಿಗೆ ತಿರುಗುತ್ತಿದ್ದರು.

ರೋಮಿನವರು ಗ್ರೀಕರ ಸೀಮೆಯನ್ನು ಕತ್ತಿಯಿಂದ ಗೆದ್ದರಂತೆ. ಆದರೆ ಅವರ ಕಥೆಗಳು, ದೇವರುಗಳು, ಮನೆಪಾಠದ ಗುರುಗಳು ಎಲ್ಲ ಇಲ್ಲಿಗೆ ಬಂದು ಇವರನ್ನೇ ಗೆದ್ದವು. ಅಲ್ಲಿಯ ದೇವರಿಗೆ ಇಲ್ಲಿಯ ಹೆಸರು ಬಂತು. ಇದು ನನಗೆ ಹೊಸದೆನಿಸಲಿಲ್ಲ. ಒಂದೇ ಗದ್ದಿಗೆಗೆ ಎರಡು ಹೆಸರು ಹೇಳಿ ಎರಡು ಧರ್ಮದವರು ಊದುಬತ್ತಿ ಹಚ್ಚುವುದನ್ನು ನೋಡಿ ಬೆಳೆದವಳು ನಾನು.

ಯಜಮಾನರು ಸಾಲಿ ಹುಡುಗನಂತೆ ಕೈಯೆತ್ತಿದರು. ‘ಅಲ್ರಿ, ಗ್ರೀಕರು ಯಾರೂ ಎದ್ದು ನಿಂತು ಕೇಳಲಿಲ್ಲೇನ್ರಿ, ಈ ಕಥಿ ನಮ್ಮದು ಅಂತ?’

ಲೂಚಿಯಾ ಅದನ್ನು ಮಕ್ಕಳಿಗೆ ತಿಳಿಸಿದಳು. ನಗು ಎದ್ದಿತು. ‘ಕೇಳಿರಬಹುದು. ಆದರೆ ಇವರು ಬಚ್ಚಿಡಲಿಲ್ಲ ಮಾಸ್ತರರೇ. ಗ್ರೀಕರ ಹಾಡನ್ನು ಈ ನೆಲಕ್ಕೆ ಮೊದಲು ತಂದವನು ತಾನೇ ಎಂದು ಒಬ್ಬ ಕವಿ ಜಂಬ ಕೊಚ್ಚಿದ. ಇನ್ನೊಬ್ಬನೂ ತಾನೇ ಮೊದಲು ಎಂದ. ಮತ್ತೊಬ್ಬನೂ ಎಂದ.’

‘ಮೂರೂ ಮಂದಿ ಮೊದಲಿಗರೇನ್ರಿ?’

‘ಹೌದ್ರಿ.’

‘ನಮ್ಮ ಕಡೀ ಮಂದಿನ ಇದ್ದಾರ ಬಿಡ್ರಿ ಇವರು!’

ಆಮೇಲೆ ಒಬ್ಬ ಹುಡುಗಿ ಎದ್ದು ಒಂದು ಹಳೆಯ ಕಥೆಯನ್ನು ಲ್ಯಾಟಿನ್ನಿನಲ್ಲಿ ಓದಿದಳು, ಲೂಚಿಯಾ ನಮಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಕಥೆ ರೋಮಿನದಲ್ಲ, ಸಮುದ್ರದಾಚೆ ಗ್ರೀಕರಿಗಿಂತಲೂ ಮೂಡಲ ಸೀಮೆಯದು. ಇಬ್ಬರು ದೇವರು ದಾರಿಹೋಕರ ವೇಷ ಹಾಕಿ ಮನೆಮನೆ ತಟ್ಟುತ್ತಾರೆ. ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಒಂದು ಗುಡಿಸಲಿನ ಮುದುಕ ಮುದುಕಿ ಮಾತ್ರ ಒಳಗೆ ಕರೆಯುತ್ತಾರೆ. ನಮ್ಮಲ್ಲಿ ಶಿವ ಜಂಗಮನಾಗಿ ಭಿಕ್ಷೆಗೆ ಬರುವುದಿಲ್ಲವೇ, ಹಾಗೆ. ಆದರೆ ಕೇಳುತ್ತ ಕೇಳುತ್ತ ನಾನು ಬೆಂಚಿನ ತುದಿಗೆ ಬಂದೆ. ಆ ರೋಮಿನ ಕವಿಗೆ ದೇವರ ಮಹಿಮೆಗಿಂತ ಅಡಿಗೆಮನೆಯ ಮೇಲೆಯೇ ಕಣ್ಣು. ಮುದುಕಿ ನಿನ್ನೆಯ ಕೆಂಡ ಕೆದಕಿ ಉಸಿರು ಕಟ್ಟಿ ಊದುತ್ತಾಳೆ. ಮುದುಕ ಹಿತ್ತಲಿನ ಕೋಸು ಕಿತ್ತು ತರುತ್ತಾನೆ. ಊಟದ ಮೇಜಿನ ಒಂದು ಕಾಲು ಗಿಡ್ಡ. ಮುದುಕಿ ಅದರ ಕೆಳಗೆ ಮಡಕೆಯ ಚೂರು ಇಟ್ಟು ಅಲುಗಾಡದಂತೆ ಮಾಡಿ, ಪುದೀನಾ ಸೊಪ್ಪಿನಿಂದ ಮೇಜು ಒರೆಸುತ್ತಾಳೆ. ಇದ್ದೊಂದು ಬಾತುಕೋಳಿಯನ್ನು ಅತಿಥಿಗಳಿಗೆಂದು ಹಿಡಿಯಲು ಹೋಗಿ ಇಬ್ಬರೂ ಓಡಿ ಓಡಿ ಸುಸ್ತಾಗುತ್ತಾರೆ.

‘ದೇವರು ಪರಸ್ಥಳದವರು’ ಎಂದಳು ಲೂಚಿಯಾ. ‘ಆದರೆ ಆ ಕೋಸು, ಆ ಮೇಜು ನಮ್ಮ ಅಜ್ಜಿಯ ಮನೆಯವು.’

ಯಜಮಾನರು ಮೆಲ್ಲಗೆ ಕೇಳಿದರು: ‘ಆ ಮಡಕಿ ಚೂರು ಮೂಲ ಕಥ್ಯಾಗ ಇತ್ತೇನ್ರಿ?’

‘ತಿಳಿಯದು. ಮೊದಲು ಹೇಳಿದವನ ಹಾಡು ನಮಗೆ ಸಿಕ್ಕಿಲ್ಲ. ಅವನ ಹೆಸರೂ ಇಲ್ಲ.’

‘ಹೆಸರು ಇಲ್ಲೇನ್ರಿ?’ ಎಂದು ಇನ್ನೊಮ್ಮೆ ಕೇಳಿದರು. ದಾರಿಯಲ್ಲಿ ಬರುವಾಗಲೂ, ನನಗೋ ತಮಗೋ, ‘ಹೆಸರ ಇಲ್ಲಂತ’ ಎಂದುಕೊಂಡರು. ರೆಕಾರ್ಡಿನ ಮಾತು ಆ ದಿನ ಎತ್ತಲಿಲ್ಲ.

ನಾಲ್ಕನೆಯ ದಿನ: ಮೇಜಿನ ಕಾಲು

ನಾಲ್ಕನೆಯ ದಿನ ಲೂಚಿಯಾಳ ಮನೆಯಲ್ಲಿ ನನ್ನ ರೊಟ್ಟಿ. ಮನೆಯಲ್ಲಿ ಅವಳ ತಾಯಿ ಇದ್ದರು, ಎಂಬತ್ತರ ಹತ್ತಿರದ ಅಜ್ಜಿ. ನಮ್ಮಿಬ್ಬರಿಗೆ ಒಂದು ಮಾತೂ ಕೂಡಿ ಬರುವುದಿಲ್ಲ. ಆದರೂ ಹತ್ತು ನಿಮಿಷದಲ್ಲಿ ಅವರ ಮೊಣಕಾಲು ನೋವು ನನಗೆ, ನನ್ನ ಸೊಂಟದ ನೋವು ಅವರಿಗೆ ಗೊತ್ತಾಗಿತ್ತು.

ಎಸರು ಕುದಿಸಿ, ಹಿಟ್ಟು ನಾದಿ, ಅವರ ಅಡಿಗೆಮನೆಯ ಮೇಜಿನ ಮೇಲೆ ರೊಟ್ಟಿ ಬಡಿಯತೊಡಗಿದೆ. ರೊಟ್ಟಿ ಬಡಿಯುವುದೆಂದರೆ ಸುಮ್ಮನೆ ಅಲ್ಲವಲ್ಲ, ಮೇಜು ಕುಣಿಯತೊಡಗಿತು. ಲೋಟ ಉರುಳಿತು. ಅಜ್ಜಿ ‘ಅಯ್ಯಯ್ಯೋ’ ಎನ್ನುವಂತೆ ಏನೋ ಕೂಗಿ, ಒಂದು ರಟ್ಟಿನ ಚೂರು ಮಡಚಿ, ಮೊಣಕಾಲು ಹಿಡಿದುಕೊಂಡೇ ಬಗ್ಗಿ ಮೇಜಿನ ಕಾಲಿನ ಕೆಳಗೆ ತುರುಕಿದರು. ಕೈಯಿಂದ ಅಲುಗಿಸಿ ನೋಡಿ, ಬಡಿ ಎಂದು ನನಗೆ ಸನ್ನೆ ಮಾಡಿದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನರು ಒಮ್ಮೆಲೇ ನಕ್ಕರು. ಒಂದು ವರ್ಷದಿಂದ ಕೇಳದ ನಗು. ನಕ್ಕು ನಕ್ಕು ಗೋಡೆ ಹಿಡಿದುಕೊಂಡರು.

‘ಬಾಯವರ, ಎರಡು ಸಾವಿರ ವರ್ಷ ಆತು, ನಿಮ್ಮ ಊರಾಗ ಆ ಮೇಜಿನ ಕಾಲು ಯಾರೂ ರಿಪೇರಿ ಮಾಡಿಲ್ಲೇನ್ರಿ?’

ಲೂಚಿಯಾ ತಾಯಿಗೆ ಹೇಳಿದಳು. ಅಜ್ಜಿ ಉತ್ತರ ಕೊಟ್ಟರು. ಲೂಚಿಯಾ ತಂದು ಒಪ್ಪಿಸಿದಳು: ‘ರಿಪೇರಿ ಮಾಡುವುದು ಗಂಡಸರ ಕೆಲಸವಂತೆ. ಆದ್ದರಿಂದಲೇ ಆಗಿಲ್ಲವಂತೆ.’

ಊಟವಾಯಿತು. ಅಜ್ಜಿ ರೊಟ್ಟಿಗೆ ಎಣ್ಣೆ ಸುರಿದುಕೊಂಡು ಶೇಂಗಾ ಹಿಂಡಿ ಹಚ್ಚಿ ಎರಡು ತಿಂದರು, ಮೂರನೆಯದನ್ನು ಕಾಗದದಲ್ಲಿ ಸುತ್ತಿ ಬಚ್ಚಿಟ್ಟರು. ಯಜಮಾನರು ಕೈ ತೊಳೆದು ಬಂದು ನನ್ನ ಎದುರು ಕೂತರು.

‘ಆ ಕವಿ ಮಡಕಿ ಚೂರು ಎಲ್ಲಿ ನೋಡಿದ್ದ ಹೇಳು?’

‘ಅವರವ್ವನ ಅಡಿಗಿಮನ್ಯಾಗ ನೋಡಿರಬೇಕ್ರಿ.’

‘ಯಾರರ ಎದ್ದು ನಿಂತು, ಆ ಸೀಮ್ಯಾಗ ಕೋಸು ನಿಮ್ಮಪ್ಪ ಹಚ್ಚಿದ್ದನೇನು ಅಂತ ಕೇಳಿರಬೇಕಲ್ಲ?’

‘ಕೇಳಿರಬೇಕು.’

‘ಅಂವ ಅಳಿಸಲಿಲ್ಲ ನೋಡು.’ ಕೈ ಚಾಚಿದರು. ‘ವಹಿ ತಾ.’

ತಂದುಕೊಟ್ಟೆ. ಪುಟ ತಿರುವುತ್ತ ಆ ನುಡಿಗೆ ಬಂದರು. ಪೆನ್ಸಿಲ್ ಗೀಟು ನೋಡಿದರು. ನಾನು ತಲೆ ತಗ್ಗಿಸಿ ಹಿಟ್ಟು ನಾದಿದ ಪಾತ್ರೆ ತಿಕ್ಕತೊಡಗಿದೆ.

‘ಇದು ಯಾರು ಮಾಡಿದ್ದು?’

‘ನಾನ. ಹಿಟ್ಟು ನಂದು, ಬೈಗುಳ ನಿಮಗ ಬಿತ್ತು. ಅದಕ್ಕ.’

‘ನಿನಗ ಯಾರು ಬೈದಾರ ಬೇ? ಅಳ್ಕೋತ ಕುಂತ ತಾಯಿನ ಎಲ್ಲಾರೂ ಹಾಡ್ತಾರ. ಹಿಟ್ಟಿನ ಮುಂದ ಕುಂತ ತಾಯಿನ ನೀ ತಂದಿ.’ ಆಮೇಲೆ ಲೂಚಿಯಾಳ ಕಡೆ ತಿರುಗಿದರು. ‘ಬಾಯವರ, ಅಳಿಸೂದು ಅದ.’

ನನ್ನ ಕೈ ನಿಂತಿತು. ಲೂಚಿಯಾಳ ಮುಖವೂ ಬಿದ್ದಿತು.

‘ಈ ಗೀಟು ಅಳಿಸೂದು ಅದ. ರಬ್ಬರ ಅದೇನ್ರಿ?’

ರಬ್ಬರು ಸಿಗಲಿಲ್ಲ. ಅಜ್ಜಿ ವಿಷಯ ತಿಳಿದು, ತಮ್ಮ ಬ್ರೆಡ್ಡಿನ ನಡುವಿನ ಮೆತ್ತಗಿನದನ್ನು ಚಿವುಟಿ ಉಂಡೆ ಮಾಡಿ ಪುಟದ ಮೇಲೆ ಉಜ್ಜಿದರು. ಅವರು ಸಾಲಿಗೆ ಹೋಗುವಾಗ ಹಾಗೆಯೇ ಅಳಿಸುತ್ತಿದ್ದರಂತೆ. ಗೀಟು ಹೋಯಿತು, ಅಕ್ಷರ ಉಳಿದವು.

ಐದನೆಯ ದಿನ: ಗೆಜ್ಜೆ

ಯಜಮಾನರು ತಾವಾಗಿಯೇ ಹಾಡುತ್ತೇನೆ ಎಂದಿದ್ದರು. ಹಾಡಿಗೆ ಮೊದಲು, ಬಂದವರಿಗೆ ಹಂಚಲು ಲೂಚಿಯಾ ಪದವನ್ನು ಅವರ ಭಾಷೆಗೆ ತಿರುಗಿಸುತ್ತಿದ್ದಳು. ಒಂದು ಕಡೆ ನಿಂತಳು.

‘ಮಾಸ್ತರರೇ, ಜೋಳ ಇಲ್ಲಿಯವರಿಗೆ ತಿಳಿಯುವುದಿಲ್ಲ. ಅಡಿಟಿಪ್ಪಣಿ ಬರೆಯಲೇ?’

‘ನಿಮ್ಮವ್ವ ದಿನಾ ಏನು ನಾದತಾರ?’

‘ಗೋಧಿ ಹಿಟ್ಟು.’

‘ಹಂಗಾದ್ರ ಗೋಧಿ ಅಂತ ಬರೀರಿ. ಪದ ನಿಮ್ಮ ಊರಿಗಿ ಬಂದಾದಲ್ಲ.’

ಲೂಚಿಯಾ ಹಾಗೆಯೇ ಬರೆದಳು.

ಅದೇ ಪಾಠದ ಕೋಣೆ, ಬೆಂಚು ಸರಿಸಿ ಜಾಗ ಮಾಡಿದ್ದರು. ಇಪ್ಪತ್ತು ಮೂವತ್ತು ಮಂದಿ. ಮುಂದಿನ ಸಾಲಿನಲ್ಲಿ ಅಜ್ಜಿ. ಯಜಮಾನರು ಗೆಜ್ಜೆ ಕಟ್ಟಿಕೊಂಡು ಮೊದಲ ಹೆಜ್ಜೆ ಹಾಕಿದಾಗ ಬಿಳಿ ಹಿಟ್ಟು ಹೊಗೆಯಂತೆ ಮೇಲೆದ್ದಿತು. ಆ ಪೋಲೀಸ ಹೊರಗಷ್ಟೇ ಒರೆಸಿದ್ದ, ಒಳಗೆ ಉಳಿದುಬಿಟ್ಟಿತ್ತು. ಪ್ರತಿ ಹೆಜ್ಜೆಗೂ ಒಂದಿಷ್ಟು ಏಳುತ್ತಿತ್ತು, ಕಿಟಕಿಯ ಬಿಸಿಲಿನಲ್ಲಿ ಕುಣಿಯುತ್ತಿತ್ತು. ಮಕ್ಕಳು ಅದೂ ಹಾಡಿನ ಒಂದು ಭಾಗವೇ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಮೊದಲ ನುಡಿಯಲ್ಲಿ ದನಿ ಸ್ವಲ್ಪ ಒಡೆಯಿತು. ಒಂದು ವರ್ಷದ ತುಕ್ಕು. ಎರಡನೆಯ ನುಡಿಗೆ ಬಿಚ್ಚಿಕೊಂಡಿತು. ಹಿಟ್ಟಿನ ನುಡಿ ಬಂದಾಗ ಅಜ್ಜಿ ಕೈಯಲ್ಲಿದ್ದ ಕಾಗದ ನೋಡಿದರು, ಯಜಮಾನರನ್ನು ನೋಡಿದರು, ಕನ್ನಡಕ ತೆಗೆದರು. ನೀರು ತಡೆಯಿಲ್ಲದೆ ಹರಿಯುವ ಊರಿನಲ್ಲಿಯೂ ಒಣ ಹಿಟ್ಟು ಎಂದರೆ ಏನೆಂದು ಗೊತ್ತಿದ್ದವರು ಒಬ್ಬರಿದ್ದರು.

ಕಡೆಯ ನುಡಿ ಹೊಸದಾಗಿತ್ತು. ನನಗೂ ಹೇಳಿರಲಿಲ್ಲ:

ಕಥಿ ಕರಜಗಿದು, ಹಾಡ್ಯಾನ ಪೀರಪ್ಪ
ಪದ ಸರಸಂಬಾದ್ದು, ಕಟ್ಯಾನ ಶರಣಪ್ಪ

ರೆಕಾರ್ಡನ್ನು ಹೊಸದಾಗಿ ಮಾಡಿಕೊಂಡಳು ಲೂಚಿಯಾ. ಹಳೆಯದನ್ನು ಅಳಿಸುವುದೋ ಬೇಡವೋ ಎಂದು ಕೇಳಿದಳು. ‘ಇರಲಿ ಬಿಡ್ರಿ, ತಪ್ಪೂ ಇರಬೇಕಾಗತದ’ ಎಂದರು ಯಜಮಾನರು.

ಹೊರಡುವ ದಿನ ಬೀದಿಯ ನಲ್ಲಿಯ ಹತ್ತಿರ ಹೋಗಿ ಕೊಳವೆಗೆ ಬೆರಳು ಒತ್ತಿದರು. ಈ ಸಲ ನೀರು ಬರೋಬ್ಬರಿ ಬಾಯಿಗೆ ಬಿತ್ತು.

ಕರಜಗಿ

ಈ ಪ್ರವಾಸದ ಕಡೆಯ ನಿಲ್ದಾಣ ಪರದೇಶದಲ್ಲಿಲ್ಲ. ಊರಿಗೆ ಬಂದು ಮೂರನೆಯ ದಿನ ಕರಜಗಿಗೆ ಹೋದೆವು. ಪೀರಪ್ಪ ಮಾಸ್ತರರು ಅಂಗಳದಲ್ಲಿ ಹೊರಸಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅವರ ಮೇಳದ ನಾಲ್ಕೈದು ಮಂದಿಯೂ ಇದ್ದರು.

‘ಬಾರೋ ರೋಮನ ಮಾಸ್ತರ! ಅಲ್ಲಿ ಜ್ವಾಳ ಬಿತ್ತಿ ಬಂದೇನು?’

‘ಇಲ್ರಿ ಕಾಕಾ. ಅಲ್ಲಿ ಗೋಧಿ ಬಿತ್ತಿ ಬಂದೇನಿ’ ಎಂದು ಯಜಮಾನರು ಕಾಲು ಮುಟ್ಟಿದರು. ‘ಒಂದು ಪದ ಕೇಳ್ರಿ. ತಪ್ಪು ಇದ್ರ ಬೈರಿ.’

ಗೆಜ್ಜೆ ಇಲ್ಲದೆ, ಕೂತುಕೊಂಡೇ ಹಾಡಿದರು. ಕಡೆಯ ನುಡಿಯಲ್ಲಿ ತಮ್ಮ ಹೆಸರು ಕೇಳಿದಾಗ ಪೀರಪ್ಪನವರ ಕೈಯ ಹಗ್ಗ ನಿಂತಿತು. ತಮ್ಮ ಮೇಳದವರನ್ನೊಮ್ಮೆ ನೋಡಿದರು.

‘ಶರಣಪ್ಪಾ, ಕಥಿ ಕರಜಗಿದಲ್ಲೋ. ನಾ ಸಣ್ಣಾಂವ ಇದ್ದಾಗ ಜೇವರ್ಗಿ ಕಡೀ ಮುದುಕ ಒಬ್ಬಾಂವ ಕಬ್ಬು ಕಡಿಯಾಕ ಬಂದಿದ್ದ. ಅಂವ ಹೇಳಿದ್ದು.’

‘ಅವರ ಹೆಸರೇನ್ರಿ? ಹಾಕೂಣು.’

‘ಅದ ಮರ್ತಾದೋ ತಮ್ಮಾ. ಐವತ್ತು ವರ್ಷ ನನ್ನ ಹೆಸರ ಹಾಕ್ಕೊಂಡು ಹಾಡೇನಿ.’

ಯಜಮಾನರು ನನ್ನ ಕಡೆ ನೋಡಿದರು. ಲೂಚಿಯಾಳ ಪಾಠದಲ್ಲಿ ಕೇಳಿದ, ಹೆಸರಿಲ್ಲದ ಆ ಮೊದಲ ಹಾಡುಗಾರ ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು.

‘ಹಂಗಾದ್ರ ಜೇವರ್ಗಿ ಅಂತ ಊರರ ಹಾಕೂಣ್ರಿ.’

‘ಹಾಕು. ಮತ್ತ ಒಂದು ಮಾತು.’ ಮುದುಕರು ಹಗ್ಗವನ್ನು ಬದಿಗಿಟ್ಟರು. ‘ಆ ಹಿಟ್ಟಿನ ನುಡಿ ಈ ಸಲ ನಮ್ಮ ಮೇಳಕ್ಕ ಕೊಡ್ತೀಯೇನು? ಬೈದೇನಿ ಖರೆ, ಆದ್ರ ಅದು ತಲ್ಯಾಗಿಂದ ಹೋಗವಲ್ಲದು.’

‘ಅದು ಕೊಡಾಕ ನಂದಲ್ರಿ ಕಾಕಾ’ ಎಂದು ಯಜಮಾನರು ಗದ್ದದಿಂದ ನನ್ನ ಕಡೆ ತೋರಿಸಿದರು. ‘ಆಕೀದು.’

ಅಂಗಳದ ಕಣ್ಣೆಲ್ಲ ನನ್ನ ಮೇಲೆ ಬಿದ್ದವು. ನಾನು ವಹಿಯನ್ನು ಎದೆಗೆ ಒತ್ತಿಕೊಂಡು, ಆಯಿತು ಎಂದು ತಲೆಯಾಡಿಸಿದೆ. ಪೀರಪ್ಪನವರು ಅಲ್ಲಿಯೇ ಕಣ್ಣು ಮುಚ್ಚಿ, ಕೈ ತಟ್ಟಿ, ತಮ್ಮ ದಾಟಿಯಲ್ಲಿ ಹಾಡಿ ನೋಡಿದರು: ‘ಪರಾತಕ್ಕ ಹಿಟ್ಟು ಹಾಕಿ, ತಾಯಿ ಎಸರ ಇಡಾಕ ಹ್ವಾದಳು...’

‘ಹಂಗಲ್ರಿ ಕಾಕಾ’ ಎಂದುಬಿಟ್ಟೆ. ಎಲ್ಲರೂ ತಿರುಗಿದರು. ಇನ್ನು ನಿಲ್ಲಿಸುವಂತಿರಲಿಲ್ಲ. ‘ಎಸರು ಮೊದಲ. ಹಿಟ್ಟು ಆಮ್ಯಾಲ.’

ಒಳಗಿನಿಂದ ಪೀರಪ್ಪನವರ ಹೆಂಡತಿ ಕೂಗಿದರು: ‘ಹೇಳವ್ವಾ ತಂಗಿ, ಬಾಯಿ ತುಂಬ ಹೇಳು! ಐವತ್ತು ವರ್ಷ ರೊಟ್ಟಿ ತಿಂದಾರ, ಅಷ್ಟೂ ಗೊತ್ತಿಲ್ಲ!’

ಅಂಗಳವೆಲ್ಲ ನಕ್ಕಿತು. ಪೀರಪ್ಪನವರು ಸೋತವರಂತೆ ಎರಡೂ ಕೈಯೆತ್ತಿ, ರೋಮಿನ ಆ ಟೊಪ್ಪಿಗೆಯ ಮುದುಕರ ಹಾಗೆಯೇ ಒಂದು ಸನ್ನೆ ಮಾಡಿ, ಎಸರಿನಿಂದ ಮತ್ತೆ ಶುರುಮಾಡಿದರು.